ಎಣಿಸಿ ಹಾಕುವ ಕ್ರಾಸ್ ಸ್ಟಿಚ್: ಮೊದಲ ಬಟ್ಟೆ, ಮೊದಲ ಎಳೆ

ಎಣಿಸಿ ಹಾಕುವ ಕ್ರಾಸ್ ಸ್ಟಿಚ್‌ನಲ್ಲಿ ಬಟ್ಟೆಯ ಮೇಲೆ ಏನೂ ಬರೆದಿರುವುದಿಲ್ಲ. ಚಿತ್ರ ಇರುವುದು ಚಾರ್ಟ್‌ನಲ್ಲಿ. ಅಲ್ಲಿನ ಒಂದು ಚೌಕಮನೆಗೆ ಬಟ್ಟೆಯಲ್ಲಿ X ಆಕಾರದ ಒಂದು ಹೊಲಿಗೆ. ಅದಕ್ಕೇ ಮನೆಗಳು ಎದ್ದು ಕಾಣುವ ಐಡಾ ಬಟ್ಟೆ ಬೇಕು. ಮೊದಲ ಸಲಕ್ಕೆ 14 ಕೌಂಟ್ ತಗೊಳ್ಳಿ, ಅಂದರೆ ಇಂಚಿಗೆ 14 ಮನೆ. 18 ಕೌಂಟ್ ನೋಡಲು ನಾಜೂಕು, ಆದರೆ ಹೊಸಬರ ಕಣ್ಣು ಬಳಲಿಸುತ್ತದೆ.

ಕತ್ತರಿ ಹಿಡಿಯುವ ಮುಂಚೆ ಲೆಕ್ಕ ಹಾಕಿ. ಚಾರ್ಟ್ 70 ಮನೆ ಅಗಲವಿದ್ದರೆ ಚಿತ್ರ 5 ಇಂಚು. ಎರಡೂ ಬದಿಗೆ ತಲಾ 3 ಇಂಚು ಬಿಟ್ಟರೆ ಬಟ್ಟೆ 11 ಇಂಚು ಬೇಕು. ಈ ಅಂಚಿನಲ್ಲಿ ಜಿಪುಣತನ ಮಾಡಿದರೆ ಕೊನೆಗೆ ಕಟ್ಟು ಹಾಕಿಸಲು ಬಟ್ಟೆ ಸಾಲುವುದಿಲ್ಲ.

ಸೂಜಿ 24 ನಂಬರಿನ, ಮೊಂಡು ತುದಿಯ ಟ್ಯಾಪೆಸ್ಟ್ರಿ ಸೂಜಿ. ಚೂಪು ಸೂಜಿ ತೂತು ಬಿಟ್ಟು ಬಟ್ಟೆಯ ನೂಲನ್ನೇ ಸೀಳುತ್ತದೆ. ದಾರ ಆರೆಳೆಯದು, 14 ಕೌಂಟ್‌ಗೆ ಎರಡೆಳೆ ಸಾಕು. ಎಳೆಗಳನ್ನು ಒಂದೊಂದಾಗಿಯೇ ಬಿಡಿಸಿ; ಒಟ್ಟಿಗೆ ಎಳೆದರೆ ಸಿಕ್ಕಾಗುತ್ತದೆ.

ಗಂಟು ಮಾತ್ರ ಬೇಡ, ಮುಂದೆ ಉಬ್ಬಿ ಕಾಣುತ್ತದೆ. ಸುಮಾರು 90 ಸೆಂ.ಮೀ. ಉದ್ದದ ಒಂದೇ ಎಳೆಯನ್ನು ನಡುವೆ ಮಡಚಿ, ಎರಡೂ ತುದಿಗಳನ್ನು ಸೂಜಿಗೆ ಪೋಣಿಸಿ. ಸೂಜಿಯನ್ನು ಕೆಳಗಿನಿಂದ ಮೇಲೆ ತನ್ನಿ, ಮಡಚಿದ ಕುಣಿಕೆ ಹಿಂದೆ ಸ್ವಲ್ಪ ಉಳಿದಿರಲಿ. ಓರೆಯಾಗಿ ಎದುರಿನ ತೂತಿನಲ್ಲಿ ಇಳಿಸಿ, ಆ ಕುಣಿಕೆಯೊಳಗೆ ತೂರಿಸಿ ಮೆಲ್ಲಗೆ ಎಳೆಯಿರಿ. ದಾರ ತಾನೇ ಕಚ್ಚಿಕೊಳ್ಳುತ್ತದೆ. ಮುಗಿಸುವಾಗ ಹಿಂಬದಿಯ ನಾಲ್ಕೈದು ಹೊಲಿಗೆಗಳ ಅಡಿಗೆ ತೂರಿಸಿ ಕತ್ತರಿಸಿದರಾಯಿತು.

ಬಟ್ಟೆಯನ್ನು ನಾಲ್ಕಾಗಿ ಮಡಚಿ ನಡು ಗುರುತಿಸಿ, ಅಲ್ಲಿಂದ ಶುರು ಮಾಡಿ. ಒಂದು ಸಾಲನ್ನು ಪೂರ್ತಿ ಅರ್ಧ ಹೊಲಿಗೆಯಲ್ಲಿ, ಅಂದರೆ ಒಂದೇ ಓರೆ ಗೆರೆಯಲ್ಲಿ ಹೋಗಿ, ವಾಪಸ್ ಬರುವಾಗ ಅದರ ಮೇಲೆ ಎದುರು ಓರೆ ಗೆರೆ ಹಾಕಿ X ಪೂರ್ತಿ ಮಾಡಿ. ಮೇಲಿನ ಗೆರೆ ಎಲ್ಲ ಹೊಲಿಗೆಯಲ್ಲೂ ಒಂದೇ ದಿಕ್ಕಿಗೆ ಇರಲೇಬೇಕು. ಒಂದೆರಡು ಉಲ್ಟಾ ಬಿದ್ದರೂ ಬೆಳಕು ಬೇರೆ ಥರ ಬಿದ್ದು, ಬಣ್ಣವೇ ಬದಲಾದಂತೆ ಕಾಣುತ್ತದೆ. ದಾರ ತಿರುಚಿಕೊಂಡರೆ ಸೂಜಿಯನ್ನು ಕೆಳಗೆ ಜೋತಾಡಲು ಬಿಡಿ, ತಾನೇ ಬಿಚ್ಚಿಕೊಳ್ಳುತ್ತದೆ. ಕಡು ಬಣ್ಣದ ದಾರವನ್ನು ಹಿಂದಿನಿಂದ ಮೂರ್ನಾಲ್ಕು ಮನೆಗಿಂತ ದೂರ ಎಳೆದೊಯ್ಯಬೇಡಿ, ಬಿಳಿ ಬಟ್ಟೆಯಲ್ಲಿ ನೆರಳು ಕಾಣುತ್ತದೆ. ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ರಿಂಗ್ ಬಳಸಿದ್ದರೆ ದಿನದ ಕೆಲಸ ಮುಗಿದ ಮೇಲೆ ಬಿಚ್ಚಿಡಿ, ಇಲ್ಲವಾದರೆ ಅದರ ಗುರುತು ಉಳಿಯುತ್ತದೆ.

ಹೆಚ್ಚಿನವರು ಎಡವುವುದು ಎಣಿಕೆಯಲ್ಲಿ. ಚಾರ್ಟ್‌ನಲ್ಲಿ ಸಾಮಾನ್ಯವಾಗಿ ಪ್ರತಿ 10 ಮನೆಗೆ ದಪ್ಪ ಗೆರೆ ಇರುತ್ತದೆ. ಬಟ್ಟೆಯಲ್ಲೂ 10 ಮನೆಗೊಂದರಂತೆ ತೆಳು ದಾರದಲ್ಲಿ ಉದ್ದ ಟಾಕು ಹಾಕಿಕೊಳ್ಳಿ. ಒಂದು ಮನೆ ತಪ್ಪಿದರೆ ಆ ಚೌಕದೊಳಗೇ ಸಿಕ್ಕಿಬೀಳುತ್ತದೆ. ಹೆಚ್ಚು ಹೊಲಿಗೆ ಬಿಚ್ಚಬೇಕಾದರೆ ಸೂಜಿಯಲ್ಲಿ ಹಿಂದಕ್ಕೆ ಹೊಲಿಯುತ್ತ ಕೂರಬೇಡಿ. ಹಿಂಬದಿಯಿಂದ ಕತ್ತರಿಸಿ, ತುಂಡುಗಳನ್ನು ಕಿತ್ತು, ಹೊಸ ದಾರ ಪೋಣಿಸಿ. ಬಿಚ್ಚಿದ ದಾರ ಜೂಲಾಗಿರುತ್ತದೆ, ಮತ್ತೆ ಹಾಕಿದರೆ ಹೊಲಿಗೆ ಮಂಕಾಗಿ ಕಾಣುತ್ತದೆ.