ಭೀಮೇಶ್ವರಿಯ ಮಡುವಿನಲ್ಲಿ ಮಹಶೀರ್ ನೋಡಲು ಹೊರಡುವವರಿಗೆ

ಮಹಶೀರ್ ಮೀನನ್ನು ಕಾವೇರಿಯಲ್ಲೇ ಕಣ್ಣಾರೆ ನೋಡಬೇಕೆಂದು ನಾನು ಮೈಸೂರಿನಿಂದ ಮೊದಲ ಸಲ ಹೊರಟದ್ದು ಆಗಸ್ಟ್ ತಿಂಗಳಲ್ಲಿ. ಹೊಳೆ ತುಂಬಿದಾಗ ಮೀನು ಓಡಾಡುತ್ತದೆ ಎಂಬ ನನ್ನ ಲೆಕ್ಕ ಮೀನಿನ ಮಟ್ಟಿಗೆ ಸರಿಯಾಗಿಯೇ ಇತ್ತು, ನೋಡುವವನ ಮಟ್ಟಿಗೆ ಪೂರ್ತಿ ತಪ್ಪಾಗಿತ್ತು. ಮೇಲಿನ ಅಣೆಕಟ್ಟೆಗಳಿಂದ ಬಿಟ್ಟ ನೀರಿಗೆ ಶಿಂಷೆಯ ಕೆಂಪು ನೀರೂ ಸೇರಿ, ಭೀಮೇಶ್ವರಿಗೆ ಸಮೀಪದ ಮುತ್ತತ್ತಿಯ ಬಳಿ ಹೊಳೆಯು ಹಾಲು ಬೆರೆಸಿದ ಚಹಾದಂತೆ ಹರಿಯುತ್ತಿತ್ತು. ಅಂಗೈಯನ್ನು ಒಂದು ಗೇಣು ಆಳಕ್ಕೆ ಇಳಿಸಿದರೆ ಬೆರಳು ಕಾಣುತ್ತಿರಲಿಲ್ಲ. ಸಾಲದ್ದಕ್ಕೆ ಮಳವಳ್ಳಿಯ ನಮ್ಮ ಭಾವನವರು ಕಾರಿನ ಡಿಕ್ಕಿಯಲ್ಲಿ ಗಾಳದ ಕೋಲನ್ನು ಇಟ್ಟುಕೊಂಡು ಬಂದಿದ್ದರು. ಅರಣ್ಯದ ತಪಾಸಣೆ ಗೇಟಿನಲ್ಲಿ ಅದು ಸಿಕ್ಕಿಬಿದ್ದು, ವಿವರಣೆ ಕೊಡುವಷ್ಟರಲ್ಲಿ ಇಬ್ಬರ ಮುಖವೂ ಸಣ್ಣದಾಯಿತು.

ಆದ್ದರಿಂದ ಮೊದಲ ಮಾತು ಇದೇ: ಗಾಳವನ್ನು ಮನೆಯಲ್ಲೇ ಬಿಟ್ಟು ಹೋಗಿ. ಭೀಮೇಶ್ವರಿ ಮತ್ತು ಮುತ್ತತ್ತಿ ಎರಡೂ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದೊಳಗಿವೆ. ಹಿಡಿದು ತೂಗಿ ಮತ್ತೆ ನೀರಿಗೆ ಬಿಡುವ ಗಾಳದ ಆಟ ಇಲ್ಲಿ ದಶಕಗಳ ಕಾಲ ನಡೆದು, ಈ ಮೀನಿಗಾಗಿಯೇ ಇಂಗ್ಲೆಂಡಿನಿಂದ ಜನ ಬರುತ್ತಿದ್ದುದು ನಿಜ. 2010ರ ದಶಕದ ಆರಂಭದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಅದನ್ನು ನಿಲ್ಲಿಸಲಾಯಿತು. ಈಗ ಅಲ್ಲಿ ಮಾಡಬಹುದಾದದ್ದು ನೋಡುವುದೊಂದೇ, ಮತ್ತು ನೋಡುವುದಕ್ಕೂ ಹಿಡಿಯುವುದಕ್ಕೆ ಬೇಕಾದಷ್ಟೇ ತಾಳ್ಮೆ ಬೇಕು.

ನಾವು ಎರಡನೆಯ ಸಲ ಹೋದದ್ದು ಫೆಬ್ರವರಿಯಲ್ಲಿ. ಡಿಸೆಂಬರಿನಿಂದ ಮಾರ್ಚ್ ತನಕ ನೀರು ತಿಳಿಯಾಗಿ, ಬಂಡೆಗಳು ತಲೆಯೆತ್ತಿ, ಮೀನುಗಳು ಆಳವಾದ ಮಡುಗಳಲ್ಲಿ ಒಟ್ಟುಗೂಡಿರುತ್ತವೆ. ಮೈಸೂರಿನಿಂದ ಬನ್ನೂರು, ಕಿರುಗಾವಲು, ಮಳವಳ್ಳಿ, ಹಲಗೂರು ದಾಟಿ ಭೀಮೇಶ್ವರಿಗೆ ಸುಮಾರು 90 ಕಿಲೋಮೀಟರ್ ಆಗುತ್ತದೆ. ಹಲಗೂರಿನ ನಂತರ ಕಾಡಿನ ತಿರುವುಗಳಿರುವುದರಿಂದ ಎರಡೂವರೆ ಗಂಟೆ ಇಟ್ಟುಕೊಳ್ಳುವುದು ಕ್ಷೇಮ. ಪೆಟ್ರೋಲು, ನಗದು ಹಣ, ತಿಂಡಿ ಎಲ್ಲವನ್ನೂ ಹಲಗೂರಿನಲ್ಲೇ ಮುಗಿಸಿಕೊಳ್ಳಿ. ಮೀನು ಕಾಣುವುದು ಬೆಳಗಿನ ಏಳರಿಂದ ಒಂಬತ್ತರ ನಡುವೆಯಾದ್ದರಿಂದ ಮೈಸೂರಿನಿಂದ ಅದೇ ದಿನ ಹೊರಟು ತಲುಪುವುದಕ್ಕಿಂತ ಹಿಂದಿನ ರಾತ್ರಿ ಭೀಮೇಶ್ವರಿಯಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರದಲ್ಲಿ ಉಳಿಯುವುದೇ ಲೇಸು. ವಾರಾಂತ್ಯವಾದರೆ ಮುಂಗಡ ಕಾಯ್ದಿರಿಸದೆ ಹೋಗಬೇಡಿ. ನೀರಿನ ಮಟ್ಟ ಅನುಕೂಲವಾಗಿದ್ದರೆ ಅಲ್ಲಿ ತೆಪ್ಪದಲ್ಲಿ ಸುತ್ತಾಡಿಸುತ್ತಾರೆ.

ನಮ್ಮ ತೆಪ್ಪ ನಡೆಸಿದ ಹಿರಿಯರು ಗಾಳದ ಕಾಲದಲ್ಲಿ ವಿದೇಶಿಯರ ಜೊತೆ ಮೀನು ಹಿಡಿಸುತ್ತಿದ್ದವರು. ಅವರು ತೆಪ್ಪವನ್ನು ಮಡುವಿನ ನಡುವೆ ಒಯ್ಯಲಿಲ್ಲ. ರಭಸದ ನೀರು ಬಂದು ಮಡುವಿಗೆ ಇಳಿಯುವ ಅಂಚಿನಲ್ಲಿ, ಒಂದು ಬಂಡೆಯ ಮರೆಗೆ ತಂದು ನಿಲ್ಲಿಸಿದರು. ಮಹಶೀರಿಗೆ ಆಮ್ಲಜನಕ ತುಂಬಿದ ಹರಿವ ನೀರೂ ಬೇಕು, ಅಡಗಲು ಆಳವೂ ಬೇಕು. ಇವೆರಡೂ ಕೂಡುವ ಜಾಗ ಅದೇ. ನಾನು ಎದ್ದು ನಿಂತು ಇಣುಕಲು ಹೋದೆ. “ಕುಂತ್ಕಳಿ ಸಾ, ನೆಳ್ಳು ನೀರ್ ಮ್ಯಾಲೆ ಬೀಳ್ಬಾರ್ದು. ಬಿತ್ತು ಅಂದ್ರೆ ಅರ್ಧ ಗಂಟೆ ಅದು ಮ್ಯಾಕೆ ಬರಾಕಿಲ್ಲ” ಎಂದರು. ಸೂರ್ಯನನ್ನು ಎದುರಿಗಿಟ್ಟುಕೊಂಡು ಕುಳಿತರೆ ನೆರಳು ಹಿಂದಕ್ಕೆ ಬೀಳುತ್ತದೆ, ಆದರೆ ನೀರಿನ ಹೊಳಪು ಕಣ್ಣು ಕುಕ್ಕುತ್ತದೆ. ಪೋಲರಾಯ್ಡ್ ಕನ್ನಡಕ ಇಲ್ಲಿ ಶೋಕಿಯ ವಸ್ತುವಲ್ಲ. ಅದನ್ನು ಹಾಕಿಕೊಂಡ ಕ್ಷಣ ಮೇಲಿನ ಬೆಳ್ಳಿಯ ತೆರೆ ಸರಿದು, ತಳದ ಕಲ್ಲುಗಳು ಒಂದೊಂದಾಗಿ ಕಾಣಿಸಿಕೊಂಡವು.

ಮೊದಲು ಕಂಡದ್ದು ಮೀನಲ್ಲ, ಒಂದು ಮಿಂಚು. ಕಲ್ಲಿಗೆ ಅಂಟಿದ್ದನ್ನು ಕೀಳಲು ಮೀನು ಪಕ್ಕಕ್ಕೆ ಹೊರಳಿದಾಗ ಅದರ ಹೊಟ್ಟೆಯ ಬಿಳುಪು ಒಂದು ಗಳಿಗೆ ಹೊಳೆದು ಆರಿಹೋಗುತ್ತದೆ. ಹೊಳೆದಂಡೆಯ ಊರುಗಳಲ್ಲಿ ಇದಕ್ಕೆ ಬಿಳಿಮೀನು ಎಂಬ ಹೆಸರು ಬಂದದ್ದು ಹೀಗೆಯೇ ಇರಬೇಕು ಎಂದು ನನಗನ್ನಿಸಿತು. ಆ ಮಿಂಚು ಕಂಡ ಜಾಗವನ್ನೇ ದಿಟ್ಟಿಸಿದರೆ ಸ್ವಲ್ಪ ಹೊತ್ತಿಗೆ ಆಕಾರ ಮೂಡುತ್ತದೆ: ದಪ್ಪ ತುಟಿ, ಬಾಯಿಯ ಬಳಿ ಎರಡು ಜೊತೆ ಮೀಸೆ, ಹೆಂಚು ಹೊದಿಸಿದಂತೆ ಸಾಲುಗಟ್ಟಿದ ಅಗಲವಾದ ಹುರುಪೆಗಳು. ದವಡೆಯಲ್ಲಿ ಹಲ್ಲಿಲ್ಲ, ಹಲ್ಲುಗಳಿರುವುದು ಗಂಟಲಿನಲ್ಲಿ. ಏಡಿಯನ್ನೂ ಬಸವನಹುಳುವನ್ನೂ ಅದು ಅಲ್ಲಿಗೆ ತಳ್ಳಿ ಚಿಪ್ಪಿನ ಸಮೇತ ಪುಡಿಮಾಡುತ್ತದೆ. ಹಾಗೆಂದು ಬರೀ ಮಾಂಸಾಹಾರಿಯಲ್ಲ. ದಡದ ಅತ್ತಿ, ನೇರಳೆ ಮರಗಳಿಂದ ಉದುರುವ ಹಣ್ಣನ್ನೂ ಬಿಡುವುದಿಲ್ಲವಾದ್ದರಿಂದ, ನೀರಿನ ಮೇಲೆ ಬಾಗಿದ ಅಂಥ ಮರ ಕಂಡರೆ ಅದರಡಿ ಹತ್ತು ನಿಮಿಷ ಕಾಯುವುದು ವ್ಯರ್ಥವಾಗದು.

ಹಿಡಿಯುತ್ತಿದ್ದ ಕಾಲದ ಮೇವು ಏನೆಂದು ಕೇಳಿದೆ. ನಮ್ಮ ಮಂಡ್ಯದ ಮೀನು ತಿನ್ನುವುದೂ ನಮ್ಮದೇ ಊಟವನ್ನು ಎಂದು ತಿಳಿದು ಭಾವನವರಿಗೆ ಖುಷಿಯಾಯಿತು. ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಹರಿವ ನೀರಿನಲ್ಲಿ ಕರಗದಂತೆ ಚೆನ್ನಾಗಿ ಬೇಯಿಸಿ ಗಾಳಕ್ಕೆ ಏರಿಸುತ್ತಿದ್ದರಂತೆ. ಕೋಲನ್ನು ಒಂದು ಕೈಯಲ್ಲಿಟ್ಟು, ದಾರವನ್ನು ಇನ್ನೊಂದು ಕೈಯ ಬೆರಳಿನಲ್ಲಿ ಹಿಡಿದಿರಬೇಕು. ಸಣ್ಣ ಮೀನು ಉಂಡೆಯನ್ನು ಕುಟುಕುವುದಕ್ಕೂ ದೊಡ್ಡದು ಬಾಯಿಗೆ ಹಾಕಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಬೆರಳಿಗೆ ಮಾತ್ರ ತಿಳಿಯುತ್ತದೆ. ಸಿಕ್ಕಿಬಿದ್ದ ಮಹಶೀರ್ ಸೆಳವಿನ ಜೊತೆ ಕೆಳಕ್ಕೆ ಓಡುತ್ತದೆ, ತೆಪ್ಪ ಅದರ ಬೆನ್ನು ಹತ್ತಬೇಕು. 1946ರಲ್ಲಿ ಕಬಿನಿ ಹೊಳೆಯಲ್ಲಿ ಗಾಳಕ್ಕೆ ಸಿಕ್ಕ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿ ದಾಖಲೆಯಾಯಿತು. ಹಿಡಿದವರು ಹುಲಿ, ಚಿರತೆಗಳ ಚರ್ಮ ತುಂಬಿ ಜೀವ ಬಂದಂತೆ ನಿಲ್ಲಿಸುವುದಕ್ಕೆ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು.

ನೋಡಲು ಹೋಗುವವರು ಒಂದು ಸೂಕ್ಷ್ಮವನ್ನು ತಿಳಿದುಕೊಂಡು ಹೋಗಬೇಕು. ಇಲ್ಲವಾದರೆ ಯಾವ ಮೀನನ್ನು ಕಂಡೆವೆಂಬುದೇ ಗೊತ್ತಾಗುವುದಿಲ್ಲ. ಈ ಹೊಳೆಯಲ್ಲಿ ಎರಡು ಬಗೆಯ ಮಹಶೀರ್ ಇವೆ. ಕಾವೇರಿಯ ಸ್ವಂತ ಮೀನಿಗೆ ಈಜುರೆಕ್ಕೆಗಳು ಕಿತ್ತಳೆ ಬಣ್ಣದವು, ತಲೆಯ ಹಿಂದಿನಿಂದಲೇ ಬೆನ್ನು ಗೂನಾಗಿ ಏರುತ್ತದೆ. ಇನ್ನೊಂದರ ರೆಕ್ಕೆಗಳು ನೀಲಿ ಛಾಯೆಯವು. 1970ರ ದಶಕದಿಂದ ಈಚೆಗೆ ಮಹಾರಾಷ್ಟ್ರದ ಲೋನಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮರಿಗಳನ್ನು ಮಹಶೀರ್ ಉಳಿಸುವ ಸದುದ್ದೇಶದಿಂದಲೇ ಕಾವೇರಿಗೂ ಬಿಡಲಾಯಿತು. ಪರಿಣಾಮ ಏನಾಯಿತೆಂಬುದು ಭೀಮೇಶ್ವರಿಯಿಂದ ಹೊಳೆಯ ಕೆಳಕ್ಕಿರುವ ಗಾಲಿಬೋರೆ ಮೀನುಗಾರಿಕೆ ಶಿಬಿರದ 1998ರಿಂದ 2012ರವರೆಗಿನ ಗಾಳದ ಲೆಕ್ಕಪುಸ್ತಕಗಳಿಂದ ತಿಳಿಯಿತು: ನೀಲಿ ರೆಕ್ಕೆಯವು ಹೆಚ್ಚುತ್ತ ಹೋದವು, ಗೂನುಬೆನ್ನಿನವು ಕಡಿಮೆಯಾಗುತ್ತ ಹೋದವು, ಆದರೆ ಸಿಕ್ಕ ಗೂನುಬೆನ್ನಿನ ಮೀನುಗಳ ಗಾತ್ರ ಮಾತ್ರ ದೊಡ್ಡದಾಗುತ್ತಲೇ ಇತ್ತು. ದೊಡ್ಡದು ಸಿಕ್ಕಿತೆಂದು ಸಂಭ್ರಮಿಸುವಂಥದ್ದಲ್ಲ ಇದು. ಮನೆಯಲ್ಲಿ ಮುದುಕರಷ್ಟೇ ಉಳಿದು ಮಕ್ಕಳು ಹುಟ್ಟುತ್ತಿಲ್ಲವೆಂದು ಅದರ ಅರ್ಥ. ಮುಂಗಾರಿನಲ್ಲಿ ಹೊಳೆಯ ಮೇಲಕ್ಕೆ ಈಜಿ ಜಲ್ಲಿಕಲ್ಲಿನ ಹಾಸಿನಲ್ಲಿ ಮೊಟ್ಟೆಯಿಡುವ ಮೀನಿಗೆ ಅಣೆಕಟ್ಟೆಗಳು ಅಡ್ಡ ಬಂದಿವೆ, ಮರಳುಗಾರಿಕೆ ಆ ಹಾಸನ್ನೇ ಕೆಡಿಸಿದೆ, ಸಿಡಿಮದ್ದು ಎಸೆದು ಹಿಡಿಯುವವರು ಮರಿ, ತಾಯಿ ಎಂದು ನೋಡುವುದಿಲ್ಲ.

ಲೋಕದಲ್ಲೆಲ್ಲ ಹೆಸರಾಗಿದ್ದ ಈ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ ಎಂಬುದು ನನಗೆ ಇಂದಿಗೂ ಸೋಜಿಗ. ಕೇರಳದ ಪಾಂಬಾರ್ ಹೊಳೆಯ ಮರಿಮೀನುಗಳನ್ನು ನೋಡಿ 2007ರಲ್ಲಿ ಟಾರ್ ರೆಮಾದೇವಿ ಎಂದು ಹೆಸರಿಸಿದ್ದ ಪ್ರಭೇದವೂ ಇದೂ ಒಂದೇ ಎಂದು ಆಗ ತಿಳಿಯಿತು. ಅದೇ ವರ್ಷ ಅದು ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನ ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಗೂ ಸೇರಿತು.

ನಾವು ಆ ಬೆಳಿಗ್ಗೆ ಕಂಡ ಏಳೆಂಟು ಮೀನುಗಳೆಲ್ಲ ನೀಲಿ ರೆಕ್ಕೆಯವು. ಕೊನೆಯಲ್ಲಿ ಬಂಡೆಯ ಬುಡದಿಂದ ಒಂದು ದೊಡ್ಡ ಮೀನು ನಿಧಾನವಾಗಿ ಮೇಲೆದ್ದು, ಹತ್ತು ಎಣಿಸುವಷ್ಟು ಹೊತ್ತು ಬಾಲವನ್ನಷ್ಟೇ ಆಡಿಸುತ್ತ ಸೆಳವಿಗೆ ಎದುರಾಗಿ ನಿಂತಿತ್ತು. ರೆಕ್ಕೆಯ ಬಣ್ಣ ನನಗೆ ಕಿತ್ತಳೆಯಂತೆ ಕಂಡಿತು. ಹಿರಿಯರನ್ನು ನೋಡಿದೆ. “ಬಿಸಿಲ್ಗೆ ಎಲ್ಲಾ ಅಂಗೇ ಕಾಣ್ತದೆ ಸಾ” ಎಂದರು.

ಕುಟುಂಬದೊಂದಿಗೆ ಹೋಗುವವರು, ಅದರಲ್ಲೂ ಮಕ್ಕಳಿರುವವರು, ಮುತ್ತತ್ತಿಯಲ್ಲಿ ನೀರಿಗೆ ಇಳಿಯಲೇಬಾರದು. ಆಂಜನೇಯನ ದರ್ಶನ ಮುಗಿಸಿ ಹಾಗೇ ಸ್ನಾನಕ್ಕಿಳಿದು ಸುಳಿಗೆ ಸಿಕ್ಕವರು ಬಹಳ ಮಂದಿ. ಮೊಸಳೆಗಳೂ ಇವೆ, ಮೇಲೆ ನೀರು ಬಿಟ್ಟರೆ ಬಂಡೆಯ ಮೇಲೆ ಕುಳಿತಿದ್ದಂತೆಯೇ ಸುತ್ತಲೂ ಹೊಳೆ ಏರಬಹುದು. ಮೀನನ್ನು ಹತ್ತಿರದಿಂದ ತೋರಿಸುವುದಷ್ಟೇ ಉದ್ದೇಶವಾದರೆ ಕೃಷ್ಣರಾಜನಗರ, ಸಾಲಿಗ್ರಾಮದ ಮೂಲಕ ಹಾಸನ ಜಿಲ್ಲೆಯ ರಾಮನಾಥಪುರಕ್ಕೆ ಹೋಗಿ. ಅಲ್ಲಿನ ವಹ್ನಿಪುಷ್ಕರಿಣಿಯಲ್ಲಿ ದೇವರ ಮೀನೆಂದು ಯಾರೂ ಮುಟ್ಟದ ಮಹಶೀರ್‌ಗಳು ಮೆಟ್ಟಿಲಿನ ತನಕ ಬರುತ್ತವೆ, ಮೀಸೆಗಳನ್ನೂ ಎಣಿಸಬಹುದು. ಭೀಮೇಶ್ವರಿಗೇ ಹೋಗುವುದಾದರೆ ಕಾಡಿನ ದಾರಿಯಲ್ಲಿ ಆನೆಗಳ ಓಡಾಟವಿರುವುದರಿಂದ ವಾಪಸು ಬರುವಾಗ ಸಂಜೆ ಐದರೊಳಗೆ ಹಲಗೂರು ಸೇರುವಂತೆ ಹೊರಡಿ.