ಫೋಟೋ ನೋಡಿ ಹಾಕಿದ ಅಲರ್ಜಿ

ಸಂಕ್ರಾಂತಿ ವಾರ ಅಂದ್ರ ವಿಜಯಪುರದಾಗ ಸಿದ್ಧೇಶ್ವರ ಜಾತ್ರಿ, ನಮ್ಮ ಮಕ್ಕಳ ಓಪಿಡಿಯಾಗ ಅದಕ್ಕಿಂತ ದೊಡ್ಡ ಜಾತ್ರಿ. ಥಂಡಿ, ಧೂಳ, ಕೆಮ್ಮು, ವಾಂತಿ ಎಲ್ಲಾ ಕೂಡೇ ಬರ್ತಾವ. ಅಂಥಾದ್ರಾಗ ಮ್ಯಾನೇಜ್‌ಮೆಂಟ್‌ನವ್ರು ಹೊಸಾ ವಾಟ್ಸಾಪ್ ನಂಬರ್ ಒಂದು ಚಾಲೂ ಮಾಡಿದ್ರು, ಪೇಷಂಟ್ ಕಡೆಯವ್ರು ಏನ್ ಕೇಳಿದ್ರೂ ಐದು ನಿಮಿಷದಾಗ ರಿಪ್ಲೈ ಹೋಗ್ಬೇಕಂತ, ಆ ಮೊಬೈಲ್ ಯಾರ ಕೈಯಾಗ? ಓಪಿಡಿ ಸಿಸ್ಟರ್ ಕೈಯಾಗ. ಶಿಫ್ಟ್ ಮುಗಿಯೂದ್ರಾಗ ಎಷ್ಟು ಲೇಟ್ ಆಗ್ಯಾವ ಅಂತ ಇನ್‌ಚಾರ್ಜ್ ಮುಂದ ಲಿಸ್ಟ್ ಬೀಳ್ತದ.

ಸೋಮವಾರ ಇಂಡಿ ಕಡೆಯಿಂದ ಆರು ವರ್ಷದ ಹುಡುಗಿ ಬಂದಿತ್ತು. ಹಿಂದಿನ ರಾತ್ರಿಯಿಂದ ಜ್ವರ, ಗಂಟಲ ನೋವು, ಎರಡು ಸಲ ವಾಂತಿ. ಜ್ವರ, ನಾಡಿ, ಉಸಿರು ನಾನೇ ನೋಡಿದ್ದೆ, ಜ್ವರ 102.6, ತೂಕ 18 ಕೆಜಿ. ನಾಲಗಿ ಬೆಳ್ಳಗ ಸುಣ್ಣ ಬಳದಂಗ ಇತ್ತು, ನಡುನಡುವ ಕೆಂಪು ಚುಕ್ಕಿ, ನಾ ಕೇಸ್ ಪೇಪರ್‌ದಾಗ ‘ಕೋಟೆಡ್’ ಅಂತ ಬರದು ಮುಂದಿನ ಪೇಷಂಟ್ ಕರದೆ. ಡಾಕ್ಟರ್ ಸರ್ ಟಾರ್ಚ್ ಹಾಕಿ ನೋಡಿದ್ರು, ಟಾನ್ಸಿಲ್ ಮ್ಯಾಲೆ ಕೀವು, ಕೆಮ್ಮಿಲ್ಲ, ನೆಗಡಿ ಇಲ್ಲ. ಸ್ಟ್ರೆಪ್ ಬ್ಯಾಕ್ಟೀರಿಯಾ ಗಂಟಲಕ್ಕ ಹತ್ತಿರ್ಬೇಕು ಅಂತ ಹೇಳಿ ಅಮಾಕ್ಸಿಸಿಲಿನ್ ಸಿರಪ್ 10 ದಿನಕ್ಕ ಬರದ್ರು.

ಮಂಗಳವಾರ ಸಂಜಿ ಆ ನಂಬರಿಗೆ ಅವ್ರ ಅವ್ವ ಫೋಟೋ ಕಳ್ಸಿದ್ಳು. ಹೊಟ್ಟಿ ಮ್ಯಾಲೆ ಕೆಂಪು ಕೆಂಪು. ‘ಔಷಧ ಮೂರು ಸಲ ಕೊಟ್ಟೀನ್ರಿ ಸಿಸ್ಟರ್, ಮೈಯೆಲ್ಲಾ ಕೆಂಪಾಗೈತಿ’ ಅಂತ ವಾಯ್ಸ್ ಮೆಸೇಜ್. ಹೊರಗ ವ್ಯಾಕ್ಸಿನ್ ಲೈನು, ಒಂದು ಕೂಸು ಕಿರಚಾಕತ್ತಿತ್ತು, ಸರ್ ವಾರ್ಡ್ ರೌಂಡಿನಾಗ. ತುರಿಕಿ ಐತೇನು ಅಂತ ಕೇಳ್ದೆ, ಸ್ವಲ್ಪ ಐತಿ ಅಂದ್ಳು. ಅಷ್ಟೇ ಸಾಕಾತು ನನಗ. ಪೆನಿಸಿಲಿನ್ ಜಾತಿ ಔಷಧ, ಮೂರು ಡೋಸ್ ಆಗ್ಯಾವ, ಮೈ ಕೆಂಪು, ಇನ್ನೇನು! ‘ಅಲರ್ಜಿ ಐತ್ರಿ, ಸಿರಪ್ ಬಂದ್ ಮಾಡ್ರಿ, ಸೆಟ್ರಿಜಿನ್ ಕೊಡ್ರಿ, ನಾಳೆ ಕರ್ಕೊಂಡ್ ಬರ್ರಿ’ ಅಂತ ಟೈಪ್ ಮಾಡ್ದೆ. ನಾಕು ನಿಮಿಷದಾಗ ರಿಪ್ಲೈ. ಮ್ಯಾಲಿಂದ ಬಾಳ ಶಾಣ್ಯಾತನ ಮಾಡಿ ಸಾಫ್ಟ್‌ವೇರ್‌ದಾಗ ಆ ಹುಡುಗಿ ಹೆಸರಿಗೆ ಪೆನಿಸಿಲಿನ್ ಅಲರ್ಜಿ ಅಂತ ಕೆಂಪು ಪಟ್ಟಿನೂ ಹಚ್ಚಿದೆ. ಸರ್‌ಗೆ ಹೇಳ್ಬೇಕಂತ ಮಾಡಿದ್ದೆ, ಶಿಫ್ಟ್ ಹ್ಯಾಂಡೋವರ್ ಗಡಿಬಿಡಿಯಾಗ ಮರ್ತೆ.

ಬುಧವಾರ ಬರಲಿಲ್ಲ. ಗುರುವಾರನೂ ಇಲ್ಲ. ಶುಕ್ರವಾರ ಹುಡುಗಿ ಆಯಿ, ಅಂದ್ರ ಅಜ್ಜಿ, ಹೆಗಲ ಮ್ಯಾಲೆ ಹಾಕ್ಕೊಂಡ್ ಬಂದ್ಳು. ಜ್ವರ ಇನ್ನೂ 101. ಗಲ್ಲ ಕೆಂಪಗ, ಬಾಯಿ ಸುತ್ತ ಮಾತ್ರ ಬೆಳ್ಳಗ ಉಂಗುರ ಬಿಟ್ಟಂಗ. ಬಾಯಿ ತಗಸಿದ್ರ ಸೋಮವಾರದ ಸುಣ್ಣ ಕಿತ್ತು ಹೋಗಿ ನಾಲಗಿ ರಕ್ತಗೆಂಪು, ಬೊಕ್ಕಿ ಬೊಕ್ಕಿ. ಸ್ಟ್ರಾಬೆರಿ ನಾಲಗಿ ಅಂತ ಜಿಎನ್ಎಂ ನರ್ಸಿಂಗ್ ಓದೂಮುಂದ ಉರು ಹೊಡದಿದ್ದೆ, ನಾವು ವಿಜಯಪುರದವ್ರು ದ್ರಾಕ್ಷಿ, ಲಿಂಬಿ ನೋಡಿದವ್ರು, ಸ್ಟ್ರಾಬೆರಿ ಯಾರ್ ನೋಡ್ಯಾರ.

ಸರ್ ಮೊದ್ಲು ಕಣ್ಣು, ತುಟಿ, ಅಂಗೈ ಅಂಗಾಲು ನೋಡಿದ್ರು, ಐದು ದಿನ ದಾಟಿದ ಜ್ವರ ಅಂದ್ರ ಕವಾಸಾಕಿ, ಮಕ್ಕಳ ರಕ್ತನಾಳ ಬಾಯೂ ರೋಗ, ತಲ್ಯಾಗ ಬರ್ಲೇಬೇಕು. ಕಣ್ಣು ಸ್ವಚ್ಛ, ತುಟಿ ಒಡದಿಲ್ಲ, ಕೈಕಾಲು ಬಾತಿಲ್ಲ. ದಡಾರ ಆಗಿದ್ರ ಕಿವಿ ಹಿಂದ, ಮಾರಿ ಮ್ಯಾಲೆ ಮೊದ್ಲು ಏಳ್ತಿತ್ತು, ಮೂಗು ಕಣ್ಣು ಸುರಿತಿತ್ತು. ಆಮ್ಯಾಲೆ ನನ್ನ ಕರದು ‘ಸಿಸ್ಟರ್, ಕಣ್ಣ್ ಮುಚ್ಚಿ ಇಲ್ಲಿ ಕೈ ಆಡಸ್ರಿ’ ಅಂದ್ರು. ಆಡಸಿದೆ. ಪಾಲಿಶ್ ಪೇಪರ್. ಖರೇನ, ಬಡಗ್ಯಾರ ಹತ್ರ ಇರ್ತದಲ್ಲ, ಅದೇ ಥರ ಸಣ್ಣ ಗರಗರ. ಮೊಣಕೈ ಮಡಚೂ ಜಾಗಾದಾಗ ಕೆಂಪು ಗೆರಿ ಬ್ಯಾರೆ. ಅಲರ್ಜಿ ಪಿತ್ತದ ಗಂಧಿ ಹಿಂಗಿರಂಗಿಲ್ಲ, ಅದು ಉಬ್ಬಿ ಎದ್ದು ಜಾಗಾ ಬದಲಸ್ತದ. ಇದು ಸ್ಕಾರ್ಲೆಟ್ ಫೀವರ್, ಗಂಟಲದಾಗಿನ ಸ್ಟ್ರೆಪ್ ಬಿಟ್ಟ ವಿಷಕ್ಕ ಮೈ ಕೆಂಪಾಗೂದು, ಜ್ವರ ಬಂದು ಒಂದೆರಡು ದಿನಕ್ಕೇ ಏಳ್ತದ. ಅಂದ್ರ ನಾ ಬಂದ್ ಮಾಡ್ಸಿದ್ದೇ ಅದರ ಔಷಧ.

‘ಸಿರಪ್ ಯಾರ್ ಬಿಡ್ಸಿದ್ರು?’ ಅಂದ್ರು ಸರ್. ನಾ ಬಾಯಿ ತೆರೆಯೂದ್ರಾಗ ಆಯಿ ಅಂದ್ಳು, ‘ಈ ತಂಗೀನೇ ಬ್ಯಾಡ ಅಂದಾಳ್ರಿ. ಔಷಧ ಬ್ಯಾಡಂದ್ರ ಅಮ್ಮನೇ ಬಂದಾಳಂತ ನಾ ಬೇವಿನ ತೊಪ್ಪಲ ಹಾಸಿ ಮಲಗಿಸೀನಿ.’ ಆಯಿಗೆ ಏನಂತ ಬೈಲಿ? ಆಕಿ ನನ್ನ ಮಾತೇ ಪಾಲಿಸ್ಯಾಳ.

ಸರ್ ಗಂಟಲ ಸ್ವಾಬ್ ಟೆಸ್ಟಿಗೆ ಕಳ್ಸಿದ್ರು, ಸ್ಟ್ರೆಪ್‌ಗೆ ಮಾಡೂ ರಕ್ತದ ಟೆಸ್ಟ್ ಎಎಸ್ಒ ಇಷ್ಟು ಬೇಗ ಮಾಡಿ ಉಪಯೋಗಿಲ್ಲ ಅಂದ್ರು, ಅದೇ ಸಿರಪ್ ಮತ್ತ ಚಾಲೂ ಮಾಡೋಣು, ಮೊದ್ಲ ಡೋಸ್ ನಮ್ಮ ಕಣ್ಣ ಮುಂದ ಅಂದ್ರು. ಆ ಒಂದ್ ತಾಸು ನನಗ ನೆನಪೈತಿ. ಟ್ರೇದಾಗ ಅಡ್ರಿನಾಲಿನ್, ಜೋರ ಅಲರ್ಜಿ ಆದ್ರ ಕೊಡೂ ಇಂಜೆಕ್ಷನ್, 0.18 ಎಂಎಲ್ ಅಂತ ಟೇಪ್ ಮ್ಯಾಲೆ ಬರದು ಹಚ್ಚಿದ್ದೆ. ಸಿರಪ್ ಕುಡಿಸಿ ಬಾಜೂಕ ಕುಂತೆ, ಪ್ರತಿ ಐದು ನಿಮಿಷಕ್ಕ ಉಸಿರು ಎಣಿಸೂದು, ತುಟಿ ನೋಡೂದು. ಹುಡುಗಿ ಒಮ್ಮೆ ಕೆಮ್ಮಿದ್ಲು, ನನ್ನ ಕೈ ಟ್ರೇ ಮ್ಯಾಲೆ ಹೋತು, ನೋಡಿದ್ರ ಆಯಿ ತಿನ್ನಾಕ ಕೊಟ್ಟ ಪಾರ್ಲೆ ಬಿಸ್ಕಿಟ್ ಗಂಟಲಕ್ಕ ಹತ್ತಿತ್ತು. ನಡುವ ಆ ಮೊಬೈಲ್ ಹನ್ನೊಂದು ಸಲ ಟಿಂಗ್ ಅಂತು, ನಾ ನೋಡ್ಲೇ ಇಲ್ಲ. ಏನೂ ಆಗ್ಲಿಲ್ಲ.

ನನಗ ಅಂಜಿಕಿ ಹುಟ್ಟಿಸಿದ್ದು ಜ್ವರ ಅಲ್ಲ. 21 ದಿನಕ್ಕೊಮ್ಮೆ ನಮ್ಮಲ್ಲಿ ಬೆಂಜಥೀನ್ ಪೆನಿಸಿಲಿನ್ ಮಾಡಿಸ್ಕೊಳ್ಳಾಕ ಬರೂ ಹುಡುಗ್ರು ಅದಾರ, ರುಮ್ಯಾಟಿಕ್ ಹಾರ್ಟ್, ಅಂದ್ರ ಸ್ಟ್ರೆಪ್ ಗಂಟಲ ನೋವಿನ ಬೆನ್ನಿಗೆ ಹೃದಯದ ಕವಾಟ ಕೆಡೂ ರೋಗ, ಆ ಇಂಜೆಕ್ಷನ್ ಎಷ್ಟು ನೋಯ್ತದ ಅಂತ ಕೊಟ್ಟವ್ರಿಗೆ ಗೊತ್ತು. ಅವ್ರೂ ಹಿಂದೆಂದೋ ಒಂದು ಗಂಟಲ ನೋವಿನಿಂದನೇ ಚಾಲೂ ಆದವ್ರು. ಗಂಟಲ ನೋವು ಬಂದು 9 ದಿನದೊಳಗ ಔಷಧ ಚಾಲೂ ಆದ್ರ ಅದನ್ನ ತಪ್ಪಿಸಬಹುದು ಅಂತ ಸರ್ ಹೇಳಿದಾಗ ನಾ ಬೆರಳ ಮಡಚಿ ಎಣಿಸಿದೆ. ಆರನೇ ದಿನ.

ಡಿಸ್ಚಾರ್ಜ್ ಮಾತು ನಾನೇ ಹೇಳ್ದೆ, ಆಯಿಗೇ ಹೇಳ್ದೆ. ಜ್ವರ ಬಿಟ್ರೂ ಇವತ್ತಿಂದ ಎಣಿಸಿ 10 ದಿನ ಪೂರ್ತಿ ಕೊಡ್ಬೇಕು. ಔಷಧ ಬಿದ್ದು 24 ತಾಸು ಆಗಿ ಜ್ವರ ಇಳದ್ರ ಸಾಲಿಗೆ ಕಳ್ಸಬಹುದು. ಮುಂದ ಎರಡ್ ಮೂರು ವಾರದಾಗ ಮಾರಿ ಬಾತ್ರ, ಮೂತ್ರ ಕರೀ ಚಾದಂಗ ಬಂದ್ರ, ಕೀಲು ನೋವು ಅಂದ್ರ ವಾಟ್ಸಾಪ್ ಮಾಡಬ್ಯಾಡ್ರಿ, ಕೂಸಿನ ಕರ್ಕೊಂಡೇ ಬರ್ರಿ. ಬೆರಳ ತುದಿ ಚರ್ಮ ಸುಲೀತದ, ಅದಕ್ಕ ಅಂಜಬ್ಯಾಡ್ರಿ ಅಂತ ಹೇಳೂದು ಮಾತ್ರ ಮರ್ತೆ, ಮುಂದಿನ ವಾರ ಅವ್ರವ್ವ ಅದರ ಫೋಟೋನೂ ಕಳ್ಸಿದ್ಳು, ‘ಹಾವು ಪೊರಿ ಬಿಟ್ಟಂಗ ಆಗೈತ್ರಿ’ ಅಂತ. ಈ ಸಲ ಟೈಪ್ ಮಾಡ್ಲಿಲ್ಲ, ಫೋನ್ ಹಚ್ಚಿದೆ, ಸರ್ ಕೈಯಾಗ ಕೊಟ್ಟೆ. ಲಿಸ್ಟಿನಾಗ ಲೇಟ್ ಅಂತ ಬಿತ್ತು. ಬೀಳಲಿ.

ಇನ್ನ ಆ ಕೆಂಪು ಪಟ್ಟಿ. ಹಚ್ಚಾಕ ಸಿಸ್ಟರ್ ಲಾಗಿನ್ ಸಾಕು, ತಗ್ಯಾಕ ಆಗಂಗಿಲ್ಲ ಅಂತ! ಇನ್ಸಿಡೆಂಟ್ ಫಾರ್ಮ್ ತುಂಬಿದೆ, ಐಟಿಯವ್ರಿಗೆ ಸರ್ ಸಹಿ ಮಾಡಿದ ಲೆಟರ್ ಕೊಟ್ಟೆ, ಟಿಕೆಟ್ ರೇಸ್ ಮಾಡ್ರಿ ಅಂದ್ರು, ಅದನ್ನೂ ಮಾಡ್ದೆ. ಮೊನ್ನೆ ಆ ಹುಡುಗಿ ಕಿವಿ ನೋವು ಅಂತ ಬಂದಾಗ ಕೆಳಗಿನ ಫಾರ್ಮಸಿಯಿಂದ ಫೋನ್, ‘ಸಿಸ್ಟರ್, ಅಮಾಕ್ಸಿಸಿಲಿನ್ ಬರದಾರ, ಇಲ್ಲಿ ಪೆನಿಸಿಲಿನ್ ಅಲರ್ಜಿ ಅಂತ ಕೆಂಪಗ ಬರಾಕತ್ತೈತಿ, ಯಾರ್ರೀ ಹಾಕಿದ್ದು ಇದನ್ನ?’

‘ನಾನೇ ರಿ. ತಡೀರಿ, ಕೆಳಗ ಬಂದೆ.’