ಬೂತಾಯಿ ಎಲ್ಲಿಗೆ ಹೋಯ್ತು?

ಮಲ್ಪೆ ಬಂದರಿನಲ್ಲಿ ಬೂತಾಯಿ ಮೀನು (ಸಾರ್ಡೀನ್) ಕಡಿಮೆ ಬಂದರೆ ಎಲ್ಲರೂ ಬೈಯುವುದು ಬೋಟಿನವರನ್ನೇ. ಅವರದ್ದೂ ಪಾಲಿದೆ, ಇಲ್ಲ ಅನ್ನಲ್ಲ. ಸಣ್ಣ ಮರಿಗಳನ್ನೂ ಬಾಚಿಕೊಂಡು ಬಂದರೆ ಏನು ಉಳಿಯುತ್ತದೆ? ಆದರೆ ಮೀನು ಊಟ ಇದ್ದಲ್ಲಿಗೆ ಹೋಗುತ್ತದೆ, ಅಲ್ವಾ?

ಬೂತಾಯಿಯ ಮುಖ್ಯ ಊಟ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಮಳೆಗಾಲದ ಗಾಳಿ ಮೇಲಿನ ನೀರನ್ನು ದಡದಿಂದ ದೂರ ತಳ್ಳುತ್ತದೆ. ಆ ಜಾಗಕ್ಕೆ ಅಡಿಯಿಂದ ತಣ್ಣನೆಯ ನೀರು ಏರಿ ಬರುತ್ತದೆ, ಗೊಬ್ಬರದಂಥ ಸತ್ವ ಹೊತ್ತುಕೊಂಡು. ಬಿಸಿಲು ತಾಗಿದರೆ ಪಾಚಿ ಹುಲುಸಾಗಿ ಬೆಳೆಯುತ್ತದೆ. ಗಾಳಿ ಸೋತರೆ, ಅಥವಾ ಮೇಲಿನ ನೀರು ಜಾಸ್ತಿ ಬಿಸಿಯಾಗಿ ಅಡಿಯದ್ದನ್ನು ಏರಲು ಬಿಡದಿದ್ದರೆ, ಊಟಕ್ಕೇ ಕುತ್ತು.

ಮೊದಲು ಬೂತಾಯಿ ಅಂದರೆ ಕೇರಳ ಮತ್ತು ನಮ್ಮ ಕರಾವಳಿ. 1980ರ ದಶಕದ ನಂತರ ತಮಿಳುನಾಡು, ಆಂಧ್ರದ ಬಲೆಗಳಿಗೂ ಸಾಕಷ್ಟು ಬೀಳತೊಡಗಿತು. ಬಂಗುಡೆಯದ್ದು ಇನ್ನೂ ಮಜಾ. ಮೇಲಿನ ನೀರಿನ ಮೀನು ಅದು. ಈಗ ಕಡಲ ತಳ ಬಾಚುವ ಟ್ರಾಲ್ ಬಲೆಗೂ ಸಿಗುತ್ತದೆ. ಬಿಸಿ ತಾಳಲಾರದೆ ಉತ್ತರಕ್ಕೂ ಹೋಗುತ್ತದೆ, ಆಳಕ್ಕೂ ಇಳಿಯುತ್ತದೆ ಅಂತ ತಜ್ಞರ ಲೆಕ್ಕ.

ಹಾಗಂತ ಪ್ರತಿಯೊಂದಕ್ಕೂ ಹವಾಮಾನವನ್ನೇ ದೂರುವುದೂ ಸುಮ್ನೆ. 1940ರ ದಶಕದಲ್ಲೂ ಬೂತಾಯಿ ಹೀಗೆ ಕೈಕೊಟ್ಟಿತ್ತು, ಆಮೇಲೆ ಮರಳಿತು. ಆಗ ಇಷ್ಟೊಂದು ಎಂಜಿನ್ ಬೋಟುಗಳಿರಲಿಲ್ಲ, ಅದೊಂದು ವ್ಯತ್ಯಾಸ. ಈಗ ಜೂನ್, ಜುಲೈ ಅವಕ್ಕೆ ರಜೆ ಕೊಡುತ್ತಾರೆ. ಅಷ್ಟು ಸಾಕಾ? ನನಗಂತೂ ಅನುಮಾನ.